ಮಾವನವರ ಹೆಬ್ಬೆರಳು

ನನ್ನ ಮಾವನವರು ಧಾರವಾಡದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ನಮ್ಮ ಜೊತೆ ಇರಲು ಕಡಲಾಚೆಯ ಹ್ಯಾಮಿಲ್ಟನ್‌ಗೆ ಬಂದ ಮೇಲೆ ನಮ್ಮ ಬಡಾವಣೆ ರೊಟೊಟೂನದ ಬೀದಿಗಳನ್ನೇ ಮೈದಾನ ಮಾಡಿಕೊಂಡರು. ಹಾಲು ತರಲಿಕ್ಕೂ ಕಾರು ತೆಗೆಯುವ ಊರು ನಮ್ಮದು. ಅಲ್ಲಿ ಇವರೊಬ್ಬರೇ ಬಿಳಿ ಕ್ಯಾನ್ವಾಸ್ ಬೂಟು ಕಟ್ಟಿಕೊಂಡು, ಕೈ ಬೀಸಿ ನಡೆದು, ಯಾವ ಮನೆಯ ನಾಯಿಗೆ ಏನು ಹೆಸರೆಂದು ತಿಳಿದುಕೊಂಡು ಬರುತ್ತಿದ್ದರು. ಅಂಥವರು ಒಂದು ಶನಿವಾರ ಸೋಫಾ ಬಿಟ್ಟು ಏಳಲಿಲ್ಲ.

"ಅಜ್ಜ, ವೈ ಆರ್ ಯು ಹಾಪಿಂಗ್?" ಎಂದು ಕೇಳಿದವಳು ನನ್ನ ಮಗಳು. ಬಚ್ಚಲಿಗೆ ಅವರು ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಹೋದದ್ದನ್ನು ಅವಳು ನೋಡಿದ್ದಳು.

"ಏನಿಲ್ಲವ್ವಾ, ಹಿತ್ತಲದಾಗ ಎಡವಿದೆ" ಎಂದರು.

ನಾನು ಅವರ ಕಾಲಿನತ್ತ ನೋಡಿದೆ. ಶಾಲು ಹೊದ್ದಿದ್ದರು. ಆದರೆ ಬೆರಳಿಗೆ ಅದು ತಾಗದ ಹಾಗೆ ನಡುವೆ ಒಂದು ದಿಂಬು ಇಟ್ಟುಕೊಂಡಿದ್ದರು. ಎಡವಿದವರು ಹೀಗೆ ಮಾಡುವುದಿಲ್ಲ. ಬಟ್ಟೆಯ ಭಾರವನ್ನೂ ತಡೆಯದ ನೋವು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಇಲ್ಲಿಗೆ ಬಂದು ವಾರ್ಡುಗಳಲ್ಲಿ ದುಡಿದು, ಈಗ ನಾನು ಕೆಲಸ ಮಾಡುವುದು ಸಂಧಿವಾತದ ಸಂಶೋಧನೆಯಲ್ಲಿ. ಅದರಲ್ಲೂ ಗೌಟ್ ಎಂಬ ಕಾಯಿಲೆ ನಮ್ಮ ತಂಡದ ವಿಷಯ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂತುಬಿಡುತ್ತದೆ. ಹೆಚ್ಚಾಗಿ ಮೊದಲು ಹಿಡಿಯುವುದೇ ಕಾಲಿನ ಹೆಬ್ಬೆರಳನ್ನು.

"ಮಾವಾರ, ಕಾಲ ತೋರಸ್ರಿ."

"ಬ್ಯಾಡ ಬಿಡವ್ವಾ."

"ನಾ ದಿನಾ ಇದನ್ನ ನೋಡಾಕಿ. ತೋರಸ್ರಿ."

ಹೆಬ್ಬೆರಳು ಕೆಂಪಗೆ ಮಿಂಚುತ್ತ ಊದಿತ್ತು. ನಾನು ಕಾಯಿಲೆಯ ಹೆಸರು ಹೇಳಿದ ಕೂಡಲೇ ಅವರು ಕಾಲು ಹಿಂದಕ್ಕೆಳೆದುಕೊಂಡರು. "ಅದು ಕುಡುಕರ ರೋಗ ಅಂತಾರ. ನಾ ಒಂದ್ ಹನಿ ಮುಟ್ಟಿದಾಂವ ಅಲ್ಲ, ಮಾಂಸ ತಿಂದಾಂವ ಅಲ್ಲ. ಊರಾಗ ಗೊತ್ತಾದ್ರ ಮಂದಿ ಏನಂದಾರು?"

ಅದಕ್ಕೇ ಮುಚ್ಚಿಟ್ಟಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಹೊರಗೆ ಊರೂರು ತಿರುಗಿ ಇದೇ ನಾಚಿಕೆಯನ್ನು ಬಿಡಿಸುತ್ತಿದ್ದವಳ ಮನೆಯಲ್ಲೇ ಅದು ಶಾಲು ಹೊದ್ದು ಕೂತಿತ್ತು. ಕುರ್ಚಿ ಎಳೆದುಕೊಂಡು ಅವರೆದುರು ಕೂತೆ. ಇದರ ಬೇರು ಬಾಯಿಚಪಲದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ವಂಶದಲ್ಲಿದೆ, ಕೆಲವರ ಮೂತ್ರಪಿಂಡ ಹುಟ್ಟಿನಿಂದಲೇ ಯೂರಿಕ್ ಆಸಿಡ್ಡನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ ಎಂದು ವಿವರಿಸಿದೆ. "ನಿಮ್ಮ ಅಪ್ಪಾರಿಗೆ ಹಿಂಗ ಆಗತಿತ್ತೇನ್ರಿ?" ಎಂದು ಕೇಳಿದೆ.

ಅವರು ದಿಂಬನ್ನು ಕಾಲಿನ ಹತ್ತಿರಕ್ಕೆ ಸರಿಸಿಕೊಂಡರು. "ಆಗತಿತ್ತು. ಬಾವಿ ಕಟ್ಟಿ ಮ್ಯಾಲೆ ಕೂತು ತಣ್ಣೀರಾಗ ಕಾಲ ಇಟ್ಕೊಂಡ ಅಳತಿದ್ದ. ವಾಯು ಅಂತಿದ್ರು ಎಲ್ಲಾರೂ."

ನಮ್ಮ ಕುಟುಂಬದ ಡಾಕ್ಟರು ಮೊದಲು ಉರಿಯೂತ ಇಳಿಯಲು ಔಷಧಿ ಕೊಟ್ಟರು. ಆಮೇಲೆ ಯೂರಿಕ್ ಆಸಿಡ್ ತಗ್ಗಿಸುವ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಕೆಲವು ವಾರ ಎಲ್ಲ ಚೆನ್ನಾಗಿತ್ತು. ಬೂಟು ಮತ್ತೆ ಹೊರಗೆ ಬಂತು. ಅಷ್ಟರಲ್ಲಿ ಹೆಬ್ಬೆರಳು ಪುನಃ ಊದಿತು.

"ಈ ಗುಳಿಗಿನ ಮೂಲ ನೋಡು" ಎಂದು ಮಾತ್ರೆಯ ಡಬ್ಬಿಯನ್ನು ಮೇಜಿನ ಆ ತುದಿಗೆ ತಳ್ಳಿದರು.

ಈ ಮಾತು ನನಗೆ ಹೊಸದಲ್ಲ. ಜನ ಮಾತ್ರೆಯನ್ನು ನಡುವೆಯೇ ಯಾಕೆ ಬಿಡುತ್ತಾರೆ, ಬಿಡದಂತೆ ಏನು ಮಾಡಬಹುದು ಎನ್ನುವುದೇ ನಮ್ಮ ಸಂಶೋಧನೆ. ಆ ತಿಂಗಳು ನನ್ನ ಪಟ್ಟಿಯಲ್ಲಿದ್ದ ಒಬ್ಬ ಚಾಲಕನೂ, ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನಾಂಗದವನು, ಇದನ್ನೇ ಹೇಳಿ ಫೋನ್ ಇಟ್ಟಿದ್ದ. ಡೈರಿ ಫಾರ್ಮುಗಳಿಂದ ಹಾಲು ತುಂಬಿಕೊಳ್ಳುವ ದೊಡ್ಡ ಟ್ಯಾಂಕರ್ ಓಡಿಸುವವನು. ಬ್ರೇಕ್ ಒತ್ತಲಾಗದೆ ಎಷ್ಟೋ ಸಲ ರಜೆ ಹಾಕಿದ್ದ.

"ಹಂಗಲ್ರಿ ಮಾವಾರ" ಎಂದೆ. "ಹಳೇ ಹರಳು ಕರಗಾಕ ಹತ್ತ್ಯಾವ. ಕರಗುವಾಗ ಸಡಲ ಆಗತಾವ, ಆಗ ಮೈ ಅವುಗಳ ಮ್ಯಾಲೆ ಸಿಟ್ಟಿಗೇಳತೈತಿ. ಗುಳಿಗಿ ಕೆಲಸ ಮಾಡಾಕತ್ತೇತಿ ಅಂತನ ಅದರ ಅರ್ಥ. ಅದಕ್ಕ ನಿಧಾನಕ ಏರಸೋದು."

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. "ಅಂದ್ರ ಹೊಸಾ ಹುಡುಗ್ರಿಗೆ ಮೊದಲನೇ ವಾರ ಬೈಠಕ್ ಹೊಡಸಿದಂಗ. ತೊಡೀ ಹಿಡಕೋತಾವ, ಹುಡುಗ್ರು ಮರುದಿನ ಬರಂಗಿಲ್ಲ. ಬಂದಾಂವ ಗಟ್ಟಿ ಆಗತಾನ." ಡಬ್ಬಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಅದಾದ ಮೇಲೆ ಬಂದದ್ದು ಮರೈ ಸಭೆ. ಮರೈ ಎಂದರೆ ಮಾವೊರಿ ಸಮುದಾಯ ಸೇರುವ ಜಾಗ. ರಕ್ತ ಕೊಟ್ಟು ಸಂಶೋಧನೆಗೆ ನೆರವಾದವರಿಗೆ ಇದುವರೆಗೆ ಕಂಡುಕೊಂಡದ್ದನ್ನು ಹೇಳಬೇಕು ಎಂದು ಅಲ್ಲಿಯ ಹಿರಿಯರು ನಮ್ಮನ್ನು ಕರೆದಿದ್ದರು. ಮಾವನವರು ತಾವೂ ಬರುತ್ತೇನೆಂದು ಹೊರಟರು. ಸಭಾಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂದಾಗ ಅವರಿಗೆ ಖುಷಿಯಾಯಿತು. "ನಮ್ಮಂಗ ಐತಿ ನೋಡು" ಎಂದು ಬರಿಗಾಲಲ್ಲಿ ಒಳಗೆ ನಡೆದರು.

ಟ್ಯಾಂಕರ್ ಚಾಲಕನೂ ಬಂದಿದ್ದ. ಮರೈಯ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಅವನ ಸೋದರತ್ತೆ ಗದರಿಸಿ ಕರೆತಂದಿದ್ದಳು. ನಮ್ಮ ತಂಡದ ಮುಖ್ಯ ಡಾಕ್ಟರು ಮಾತು ಮುಗಿಸುತ್ತಿದ್ದಂತೆ ಅವನು ಎದ್ದು ನಿಂತ. ಬಾಗಿಲಷ್ಟು ಅಗಲದ ಮನುಷ್ಯ, ಆದರೆ ಧ್ವನಿ ಮೆತ್ತಗಿತ್ತು.

"ನನ್ನಪ್ಪನಿಗೂ ಇದಿತ್ತು. ಬಿಯರ್ ಬಿಡು ಅಂದರು, ಬಿಟ್ಟ. ಕಡಲ ಚಿಪ್ಪು ತಿನ್ನಬೇಡ ಅಂದರು, ಅದನ್ನೂ ಬಿಟ್ಟ. ಆದರೂ ಕೊನೆಗೆ ಗಾಲಿಕುರ್ಚಿಯಲ್ಲೇ ಹೋದ. ನಾನು ನಿಮ್ಮ ಮಾತ್ರೆ ನುಂಗಿದೆ, ಕಾಲು ಇನ್ನೂ ಊದಿತು. ಹೇಗೆ ನಂಬಲಿ?"

ಡಾಕ್ಟರು ಬಾಯಿ ತೆರೆಯುವುದರೊಳಗೆ ಮಾವನವರು ಕೈ ಎತ್ತಿದ್ದರು. ಎದ್ದು, ತಮ್ಮ ಮಾಸ್ತರಿಕೆಯ ಇಂಗ್ಲಿಷಿನಲ್ಲಿ, ತಮ್ಮ ಬಾವಿಕಟ್ಟೆಯ ಅಪ್ಪನ ಕಥೆ ಹೇಳಿದರು. ಮಾತ್ರೆ ಶುರುವಾದ ಮೇಲೆ ತಮಗೂ ಊದಿದ್ದನ್ನು ಹೇಳಿದರು. ಬೈಠಕ್ ಎನ್ನುವುದಕ್ಕೆ ಇಂಗ್ಲಿಷ್ ಪದ ಸಿಗದೆ, ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ಒಂದು ಹೊಡೆದು ತೋರಿಸಿದರು. ನಾನು ಗಾಬರಿಯಾಗಿ ಅರ್ಧ ಎದ್ದೆ. ಅವರು ಸಲೀಸಾಗಿ ಮೇಲೆದ್ದರು.

ಚಾಲಕ ಅವರನ್ನೇ ನೋಡುತ್ತಿದ್ದ. "ಅಂಕಲ್, ನೀವು ಬಿಯರ್ ಕುಡಿಯುತ್ತೀರಾ?"

"ನೆವರ್."

"ಚಿಪ್ಪು ಮೀನು?"

"ಅದರ ಮುಖ ಹೆಂಗಿರತೈತಿ ಅಂತನ ನನಗೆ ಗೊತ್ತಿಲ್ಲ" ಎಂದು ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದರು. ನಾನು ಅನುವಾದಿಸಿದೆ. ಸಭೆಯೆಲ್ಲ ನಕ್ಕಿತು. ಚಾಲಕ ಕೂಡ ನಕ್ಕ. ಆಮೇಲೆ ನಗು ನಿಲ್ಲಿಸಿ ನನ್ನನ್ನು ಕೇಳಿದ: "ಹಾಗಾದರೆ ಇದು ನಾನು ಮಾಡಿಕೊಂಡದ್ದಲ್ಲವಾ?"

ಈ ಪ್ರಶ್ನೆಗೆ ಉತ್ತರ ನನ್ನ ಬಳಿ ಇತ್ತು. ತಡವರಿಸದೆ ಹೇಳಿದೆ: "ಅಲ್ಲ. ನಿಮ್ಮಪ್ಪ ಮಾಡಿಕೊಂಡದ್ದೂ ಅಲ್ಲ."

ಅವನ ಸೋದರತ್ತೆ ಸಭಾಮನೆಯ ಬಾಗಿಲಲ್ಲಿ ನಿಂತು ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಗಾಲಿಕುರ್ಚಿಯಲ್ಲಿ ಹೋದವನು ಅವಳ ಅಣ್ಣ.

ಮರುವಾರವೇ ಚಾಲಕ ಕ್ಲಿನಿಕ್ಕಿಗೆ ಬಂದ. ಅತಿ ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದೆವು, ಜೊತೆಗೆ ನೋವು ಕೆರಳದಂತೆ ತಡೆಯುವ ಇನ್ನೊಂದು ಔಷಧಿಯನ್ನೂ ಕೊಟ್ಟೆವು. ರಕ್ತ ಪರೀಕ್ಷಿಸುತ್ತ, ಸ್ವಲ್ಪ ಸ್ವಲ್ಪವೇ ಏರಿಸಿದೆವು. ಮಾವನವರು ಅವನ ಫೋನ್ ನಂಬರ್ ತೆಗೆದುಕೊಂಡು ಭಾನುವಾರಕ್ಕೊಮ್ಮೆ ವಿಚಾರಿಸುತ್ತಿದ್ದರು. "ಗುಳಿಗಿ? ಟೇಕನ್? ಗುಡ್ ಬಾಯ್!" ಎಂದು ಹಜಾರದಲ್ಲಿ ಅವರು ಕೂಗುವುದು ಮೇಲಿನ ಕೋಣೆಗೂ ಕೇಳುತ್ತಿತ್ತು. ಅವನಿಗೆ ಮತ್ತೊಮ್ಮೆ ಮಣಿಕಟ್ಟು ಊದಿದಾಗ ಅವನು ಮಾತ್ರೆ ಬಿಡಲಿಲ್ಲ, ನನಗೆ ಫೋನ್ ಮಾಡಿದ. ಎಷ್ಟೋ ಮಂದಿ ಈ ಹಂತದಲ್ಲೇ ಕೈತಪ್ಪಿ ಹೋಗುವುದನ್ನು ನಾನು ಕಂಡಿದ್ದೆ.

ಬೇಸಿಗೆ ಬರುವಷ್ಟರಲ್ಲಿ ಅವನ ರಕ್ತದ ಯೂರಿಕ್ ಆಸಿಡ್ ನಮಗೆ ಬೇಕಾದ ಮಟ್ಟಕ್ಕೆ ಇಳಿದಿತ್ತು. ಅಲ್ಟ್ರಾಸೌಂಡಿನಲ್ಲಿ ಕೀಲಿನ ಮೇಲೆ ದಪ್ಪಗೆ ಕಾಣುತ್ತಿದ್ದ ಹರಳಿನ ಬಿಳಿ ಗೆರೆ ತೆಳ್ಳಗಾಗಿತ್ತು. ಪರದೆಯ ಮೇಲೆ ಅದನ್ನು ತೋರಿಸಿದಾಗ ಬಹಳ ಹೊತ್ತು ನೋಡಿದ. ತಿಂಗಳುಗಟ್ಟಲೆ ಒಂದು ರಜೆಯನ್ನೂ ಹಾಕದೆ ಟ್ಯಾಂಕರ್ ಓಡಿಸಿದ್ದ.

ಮಾವನವರನ್ನು ಊರಿಗೆ ಕಳಿಸುವ ಮುನ್ನ ಅವನು ತನ್ನ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಅವರನ್ನು ಕೂರಿಸಿಕೊಂಡು ಕಡಲ ತೀರಕ್ಕೆ ಹೋಗಿಬಂದ. ಕಪ್ಪು ಮರಳಿನಲ್ಲಿ ಇಬ್ಬರೂ ಬರಿಗಾಲಲ್ಲಿ ಎಷ್ಟು ದೂರ ನಡೆದರೋ, ಬಂದವರು ಇಬ್ಬರೂ ಹಸಿದಿದ್ದರು. ನಾನು ಜೋಳದ ರೊಟ್ಟಿ ಬಡಿದೆ. ಎಣ್ಣೆಗಾಯಿ ಪಲ್ಯವನ್ನು ಚಾಲಕ ಎರಡೆರಡು ಸಲ ಹಾಕಿಸಿಕೊಂಡ.

ಈಗ ನಮ್ಮ ತಂಡ ವಂಶವಾಹಿಗಳಲ್ಲಿ ಈ ಕಾಯಿಲೆಯ ಸುಳಿವುಗಳನ್ನು ಹುಡುಕುವ ಮುಂದಿನ ಕೆಲಸಕ್ಕೆ ಕೈ ಹಾಕಿದೆ. ಮೊದಲ ದಿನವೇ ಚಾಲಕ ತನ್ನ ಇಬ್ಬರು ತಮ್ಮಂದಿರನ್ನು ಕರೆತಂದ. ಕಿರಿಯವನು ಸೂಜಿಗೆ ಹೆದರಿ ಬಾಗಿಲಲ್ಲೇ ನಿಂತಿದ್ದ. ಅಣ್ಣ ಅವನನ್ನು ಭುಜ ಹಿಡಿದು ಕೂರಿಸಿದ. ನಾನು ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತನಾಳ ಹುಡುಕತೊಡಗಿದೆ.