ಹೋಗದ ಬಸ್ಸಿನ ಬೋರ್ಡು

ಅಕ್ಕೋರ ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿನ ಜೊತೆ ಒಂದು ಹಿತ್ತಾಳೆಯ ಸೀಟಿ ತೂಗುತ್ತಿತ್ತು. ಬಾಯಿಗೆ ತಾಗುವ ಕಡೆ ಸವೆದು ತೆಳ್ಳಗಾಗಿತ್ತು. ಉಳಿದ ಮೈ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯ ಹಾಗೆ ಮಿಂಚುತ್ತಿತ್ತು. ಅವರು ಅದನ್ನು ಊದಿದ್ದನ್ನು ನಾನು ಕೇಳಿಲ್ಲ. ನಮ್ಮ ಮನೆಗೆ ಬಂದಾಗ ಕರೆಗಂಟೆ ಒತ್ತದೆ, ಆ ಸೀಟಿಯಿಂದ ಗೇಟಿನ ಕಬ್ಬಿಣಕ್ಕೆ ಒಮ್ಮೆ ಟಣ್ ಎನ್ನಿಸುತ್ತಿದ್ದರು. ಹೊರಡುವಾಗ ಎರಡು ಸಲ, ಟಣ್ ಟಣ್. ನೌಕರಿಯಲ್ಲಿದ್ದಾಗ ಮಕ್ಕಳಿಗೆ ಡ್ರಿಲ್ ಮಾಡಿಸಿರಬೇಕು ಎಂದು ನಾನೇ ಊಹಿಸಿಕೊಂಡಿದ್ದೆ. ಕೇಳಿರಲಿಲ್ಲ. ಚಿಂತೆ ಮಾಡುವುದರಲ್ಲಿ ನಾನು ಎಷ್ಟು ಮುಂದೋ, ವಿಚಾರಿಸುವುದರಲ್ಲಿ ಅಷ್ಟೇ ಹಿಂದೆ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಇವರು ಬೀಳಗಿ ಕಡೆಯ ಹಳ್ಳಿಗಳಲ್ಲಿ ಕಲಿಸಿ, ನಿವೃತ್ತರಾಗಿ, ಜಮಖಂಡಿಯಲ್ಲಿ ನಮ್ಮೆದುರಿಗಿನ ತಂಗಿಯ ಮನೆಗೆ ಬಂದು ನೆಲೆಸಿದ್ದರು. ಓಣಿಯವರೆಲ್ಲರಿಗೂ ಅವರು ಅಕ್ಕೋರೇ. ತಂಗಿಯೂ ಅವರನ್ನು ಹಾಗೇ ಕರೆಯುತ್ತಿದ್ದಳು, ಸ್ವಲ್ಪ ಹೆದರಿಕೆಯಿಂದ.

ನಾನು ದಿನಾ ಬಸ್ಸು ಹಿಡಿದು ಮುಧೋಳಕ್ಕೆ ನೌಕರಿಗೆ ಹೋಗುವವನು. ಬಸ್ಸು ತಪ್ಪೀತು ಎಂದು ಚಪ್ಪಲಿಯನ್ನು ಅದಲು ಬದಲು ಮೆಟ್ಟಿ ಓಡುವ ನನ್ನನ್ನು ಅಕ್ಕೋರು ಕಟ್ಟೆಯ ಮೇಲಿಂದಲೇ ತಡೆಯುತ್ತಿದ್ದರು.

"ಇನ್ನೂ ವ್ಯಾಳ್ಯಾ ಐತಿ, ಕುಂಡರ್ರಿ."

ಮಗಳ ಜ್ವರವಿರಲಿ, ಗ್ಯಾಸಿನ ವಾಸನೆಯಿರಲಿ, ನನ್ನ ಎಡಭುಜದ ನೋವು ಹೃದಯದ್ದೇ ಎಂಬ ಗುಮಾನಿಯಿರಲಿ, ಎಲ್ಲಕ್ಕೂ ಅವರ ಮದ್ದು ಅದೊಂದೇ ಮಾತು. ನಾನು ಕೂರುತ್ತಿದ್ದೆ. ಆಶ್ಚರ್ಯವೆಂದರೆ ಬಸ್ಸು ತಪ್ಪುತ್ತಿರಲಿಲ್ಲ.

ಅವರಿಗೆ ನನ್ನಿಂದ ಒಂದು ಕೆಲಸವಿತ್ತು. ಅಥವಾ ನನಗೇ ಅವರಿಂದ ಇತ್ತು. ಬನಹಟ್ಟಿಯ ನನ್ನ ಸಾಲಿ ಗೆಳೆಯನೊಬ್ಬ ನೂಲಿನ ವ್ಯಾಪಾರದಲ್ಲಿ ಗಳಿಸಿದ್ದನ್ನು ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಕಳೆಯುತ್ತಿದ್ದ. ಅದಕ್ಕೆ ನಾನು ಆಟಿಕೆಗಳ ವಿಮರ್ಶೆ ಬರೆಯುತ್ತಿದ್ದೆ. ಇದನ್ನು ಮುಂಚೆಯೇ ಹೇಳಿಕೊಂಡಿದ್ದರೆ ನನಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಪುಣ್ಯಕ್ಕೆ ಲಗ್ನ ಮೊದಲು ಆಗಿತ್ತು. ಬರೆದದ್ದನ್ನೆಲ್ಲ ಅಕ್ಕೋರ ಕೈಗೆ ಕೊಟ್ಟು "ಅಕ್ಷರ ತಪ್ಪು ಅಷ್ಟ ನೋಡ್ರಿ" ಎನ್ನುತ್ತಿದ್ದೆ. ಅವರು ಕೆಂಪು ಪೆನ್ನಿನಿಂದ ಒತ್ತು, ದೀರ್ಘ ಸರಿಮಾಡಿ ಕೊಡುತ್ತಿದ್ದರು. ಅಷ್ಟೇ ನೋಡುತ್ತಿದ್ದರು. ಅದು ಅವರ ನಿಷ್ಠೆ ಎಂದು ಆಗ ತಿಳಿದಿರಲಿಲ್ಲ.

ಒಂದು ಸಲ ಗೆಳೆಯ ದೊಡ್ಡದೊಂದು ಪೆಟ್ಟಿಗೆ ಕಳಿಸಿದ. ಹಳೆಯ ಬಸ್ಸನ್ನು ಮನೆ ಮಾಡಿಕೊಂಡ ಮಾದರಿ. ಪ್ಲಾಸ್ಟಿಕ್ಕಿನ ತುಣುಕುಗಳನ್ನು ಒಂದಕ್ಕೊಂದು ಒತ್ತಿ ಕಟ್ಟಬೇಕು. ಕೆಂಪು ಬಸ್ಸು, ಚಾವಣಿ ಎತ್ತಿದರೆ ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ, ಬೆರಳುದ್ದದ ಗೊಂಬೆಗಳು. ನಾನು ಪಡಸಾಲೆಯಲ್ಲಿ ಚಾದರ ಹಾಸಿ, ತುಣುಕುಗಳನ್ನು ಸುರುವಿಕೊಂಡು, ಎಲ್ಲಕ್ಕಿಂತ ಸಣ್ಣದು ಮಗುವಿನ ಮೂಗಿನಲ್ಲಿ ಹೊಕ್ಕೀತೇ ಎಂದು ನನ್ನ ಮೂಗಿಗೇ ಹಿಡಿದು ನೋಡುತ್ತಿದ್ದೆ.

"ಒಳಗ ಸಿಕ್ಕೊಂಡರ ಡಾಕ್ಟರ ಕಡೆ ನಾ ಬರಾಂಗಿಲ್ಲ ನೋಡ್ರಿ," ಎಂದಳು ಹೆಂಡತಿ. "ಆಟಿಕಿ ತಗೊಂಡು ಮೂಗಿನ್ಯಾಗ ಹಾಕ್ಕೊಂಡ್ರು ಅಂತ ಏನ್ ಹೇಳ್ಲಿ?"

ಗೇಟು ಟಣ್ ಎಂದಿತು. ಅಕ್ಕೋರು ಒಳಗೆ ಬಂದು, ಚಾದರದ ಅಂಚಿಗೆ ಕೂತು, ಪೆಟ್ಟಿಗೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಟ್ಟಲು ಶುರುಮಾಡಿದರು. ನಾನು ಕಟ್ಟುವ ಕ್ರಮ ತೋರಿಸುವ ಹಾಳೆ ಮುಂದೆ ಹಿಡಿದರೆ ಸರಿಸಿಬಿಟ್ಟರು. ಬಾಗಿಲನ್ನು ಮುಂದಿಡುವ ಬದಲು ಹಿಂದೆ ಇಟ್ಟರು. ಮಂಚ, ಒಲೆ ಬೇಡವೆಂದರು. ಒಳಗೆ ಎರಡೂ ಬದಿ ಖಾಲಿ ಬಿಟ್ಟು, ಹಿಂದುಗಡೆ ಉದ್ದಕ್ಕೊಂದು ಸೀಟು ಮಾಡಿ, ಅದರ ಮೂಲೆಯಲ್ಲಿ ಒಂದು ಗೊಂಬೆಯನ್ನು ಕೂರಿಸಿದರು.

"ಬೋರ್ಡ್ ಎಲ್ಲೈತಿ ಇದಕ್ಕ?"

"ಯಾವ ಬೋರ್ಡ್ರೀ?"

"ಯಾವೂರಿಗಿ ಹೋಗತೈತಿ ಅಂತ ಬರದಿರತಾರಲ್ಲ."

"ಇದು ಎಲ್ಲೂ ಹೋಗೂದಿಲ್ರೀ ಅಕ್ಕೋರ. ಮನಿ ಮಾಡ್ಯಾರ."

"ಹೋಗಲಾರದ ಬಸ್ಸಿಗೇ ಬೋರ್ಡ್ ಬೇಕಾಗೂದ್ರಿ," ಎಂದು ಅವರು ಎದ್ದರು. ಹೊರಗೆ ಟಣ್ ಟಣ್.

ವಯಸ್ಸಾದವರ ಖಯಾಲಿ ಎಂದುಕೊಂಡೆ. ಫೋಟೋ ಪೆಟ್ಟಿಗೆಯ ಮೇಲಿದ್ದ ಹಾಗೇ ಬೇಕೆಂದು ಗೆಳೆಯ ಹೇಳಿದ್ದ. ಅಕ್ಕೋರು ಕಟ್ಟಿದ್ದನ್ನು ಅಂದೇ ಒಡೆದೆ. "ಇರವಲ್ಲದ್ಯಾಕ, ಛಲೋ ಮಾಡಿದ್ರು," ಎಂದಳು ಹೆಂಡತಿ. ನಾನು ಕೇಳಲಿಲ್ಲ. ಹಾಳೆ ನೋಡಿಕೊಂಡು ಮಂಚ, ಒಲೆ, ಪರದೆ ಎಲ್ಲ ಕೂರಿಸಿ, ಫೋಟೋ ತೆಗೆದು, ವಿಮರ್ಶೆ ಬರೆದೆ.

ಪ್ರತಿ ವಾಕ್ಯಕ್ಕೂ ಚಿಂತೆ. ಚೂಪಾದ ಅಂಚಿನ ಬಗ್ಗೆ ಬರೆದು ಹೊಡೆದು ಹಾಕಿದೆ, ಮತ್ತೆ ಬರೆದೆ. ಬಣ್ಣ ಬಿಡುತ್ತದೋ ಎಂದು ಒಂದು ತುಣುಕನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದೆ. ಚಿಂತೆಯಿಲ್ಲದೆ, ಸರಾಗವಾಗಿ ಬರೆದದ್ದು ಕೊನೆಯ ಸಾಲೊಂದನ್ನೇ: "ಬಸ್ಸಿನೊಳಗೆ ಮನೆ ಮಾಡುವುದು, ಶಾಲೆ ಮಾಡುವುದು ಹೊರದೇಶದವರ ಹವ್ಯಾಸ. ನಮ್ಮ ಭಾಗದ ಮಕ್ಕಳಿಗೆ ಇಂಥ ಬಸ್ಸಿನ ಪರಿಚಯವೇ ಇಲ್ಲ."

ಅಕ್ಕೋರು ಕಟ್ಟೆಯ ಮೇಲೆ ಕೂತು ಓದಿದರು. ಒಂದೆರಡು ಕಡೆ ಕೆಂಪು ಗೀಟು ಹಾಕಿದರು. ಕೊನೆಯ ಸಾಲಿಗೆ ಬಂದಾಗ ಪೆನ್ನು ಹಾಳೆಯ ಮೇಲೆ ನಿಂತಿತು. ಶಾಯಿ ಸಣ್ಣದೊಂದು ಚುಕ್ಕೆಯಾಗಿ ಹರಡಿತು. ಆಮೇಲೆ ಪೆನ್ನಿನ ಟೊಪ್ಪಿಗೆ ಹಾಕಿ, ಹಾಳೆ ಮಡಚಿ ಕೊಟ್ಟರು.

"ಅಕ್ಷರ ತಪ್ಪಿಲ್ಲ."

ಸಂಚಿಕೆ ಅಚ್ಚಾಗಿ ಬಂದ ದಿನ ನಾನು ಹೆಮ್ಮೆಯಿಂದ ತೋರಿಸಲು ಹೋದೆ. ಹೆಂಡತಿ ಬೆನ್ನಿಗೇ ಬಂದಳು. ಅಕ್ಕೋರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು.

"ನೀವು ಮಾಡಿದ್ದಽ ಛಲೋ ಇತ್ರೀ ಅಕ್ಕೋರ," ಎಂದಳು ಹೆಂಡತಿ. "ಇವರು ಒಡದ ಹಾಕಿದ್ರು."

"ಹೌದೇನು," ಎಂದರು ಅಕ್ಕೋರು. ಪತ್ರಿಕೆಯನ್ನು ಮಡಿಲಲ್ಲಿಟ್ಟು, "ನನ್ನ ಸಾಲಿ ಹಂಗಽ ಇತ್ತವಾ," ಎಂದರು.

ಆಗ ಹೇಳಿದರು. ಆಣೆಕಟ್ಟಿನ ಹಿನ್ನೀರು ಏರಿ ಅವರು ಕಲಿಸುತ್ತಿದ್ದ ಊರು ಮುಳುಗಿದಾಗ ಮಂದಿಯನ್ನು ಮೇಲಿನ ಬಯಲಿಗೆ ತಂದು ಬಿಟ್ಟಿದ್ದರು. ತಗಡಿನ ಶೆಡ್ಡುಗಳು, ಸಾಲಿಗೆ ಗೋಡೆ ಎದ್ದಿತ್ತು, ಚಾವಣಿ ಇರಲಿಲ್ಲ. ಕಟ್ಟಡದ ಗುತ್ತಿಗೆದಾರ ತನ್ನ ಆಳುಗಳು ಮಲಗಲೆಂದು ಗುಜರಿಯ ಬಸ್ಸೊಂದನ್ನು ತಂದು ಕಲ್ಲಿನ ಮೇಲೆ ನಿಲ್ಲಿಸಿದ್ದ. ಆಳುಗಳು ಹೋದ ಮೇಲೆ ಅಕ್ಕೋರು ಅದನ್ನು ಬೇಡಿ ಪಡೆದರು. ಹಿಂದಿನ ಉದ್ದ ಸೀಟು ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಸೀಟಿಯೂ ಆ ಸೀಟಿನ ಸಂದಿಯಲ್ಲೇ ಸಿಕ್ಕಿದ್ದು, ಯಾವನೋ ಕಂಡಕ್ಟರನದು. ಕಂಡಕ್ಟರನ ಹಾಗೆಯೇ, ಕಂಬಿಗೆ ಒಂದು ಹೊಡೆತಕ್ಕೆ ಸಾಲಿ ನಿಲ್ಲು, ಎರಡಕ್ಕೆ ನಡಿ. ಮಗ್ಗಿ ಒಪ್ಪಿಸಿದವರಿಗೆ ಡ್ರೈವರ್ ಸೀಟು.

"ಬೋರ್ಡಿಗೆ ಏನ್ ಬರದಿದ್ರೀ?" ಎಂದು ಹೆಂಡತಿ ಕೇಳಿದಳು.

"ಹಳೇ ಊರು. ಹೊಸಾದಕ್ಕ ಪುನರ್ವಸತಿ ಕೇಂದ್ರ ಅಂತಿದ್ರು. ಅದರಾಗ ಒತ್ತಕ್ಷರಽ ಒತ್ತಕ್ಷರ, ಒಂದನೇ ಕ್ಲಾಸಿನ ಹುಡುಗರಿಗೆ ಹೆಂಗ ಕಲಸಲಿ? ಹಳೇ ಊರು ಅಂದ್ರ ನಾಕಽ ಅಕ್ಷರ. ಬರದ ಹಾಕಿದ್ನಿ. ಮರುದಿನ ಒಬ್ಬಾಕಿ ಮುದುಕಿ ಗಂಟು ಕಟಗೊಂಡು ಬಂದು ಹತ್ತಿ ಕುಂತಳು. ಯಾವದೋ ಹುಡುಗ ಬೋರ್ಡ್ ಓದಿ ಹೇಳಿತ್ತು. 'ಹಳೇ ಊರಿಗಿ ಹೋಗತೈತೇನವಾ?' ಅಂದ್ಳು."

"ನೀವೇನಂದ್ರಿ?"

"ಏನ್ ಅನ್ಲಿ? ಇನ್ನೂ ವ್ಯಾಳ್ಯಾ ಐತಿ, ಕುಂಡರಬೇ ಅಂದ್ನಿ."

ಮುದುಕಿ ಸಂಜೆಯತನಕ ಕೂತಳಂತೆ. ಸಾಲಿ ಬಿಟ್ಟ ಮೇಲೆ "ಡ್ರೈವರ್ ಎಲ್ಲಿ ಕುಡದ ಬಿದ್ದಾನೋ" ಎಂದು ಬೈದುಕೊಂಡು ಇಳಿದುಹೋದಳಂತೆ. ಮರುದಿನ ಮತ್ತೆ ಬಂದಳು. ಹಿಂದಿನ ಸೀಟಿನ ಮೂಲೆ ಅವಳದಾಯಿತು. ಹುಡುಗಿಯರ ಹೆರಳು ಹಾಕಿದಳು, ಮೂಗು ಒರೆಸಿದಳು, ಗಂಟಿನೊಳಗಿನ ರೊಟ್ಟಿಯನ್ನು ಹಂಚಿದಳು. ಹೊಸ ಸಾಲಿಗೆ ಚಾವಣಿ ಬಿದ್ದು ಬಸ್ಸನ್ನು ಗುಜರಿಯವರು ಕೊಯ್ದು ಒಯ್ಯುವವರೆಗೂ ಬಂದಳು.

"ಬಸ್ ಹೋಗೂದಿಲ್ಲಂತ ಆಕಿಗಿ ಗೊತ್ತಿರಲಿಲ್ಲೇನ್ರೀ?" ಎಂದು ನಾನು ಕೇಳಿದೆ.

"ಗೊತ್ತಿರಲಾರದಽ? ಊರು ಮುಳುಗೂದನ್ನ ದಂಡೀ ಮ್ಯಾಲ ನಿಂತು ನೋಡಿದಾಕಿ. ನಾ ಕುಂಡರು ಅಂದ್ನಿ, ಆಕಿ ಕುಂತಳು. ಇಬ್ಬರಿಗೂ ಅಷ್ಟಽ ಬೇಕಾಗಿತ್ತು."

ಆ ಬಸ್ಸಿನ ಒಂದು ಫೋಟೋ ಯಾರ ಹತ್ತಿರವೂ ಇಲ್ಲವೆಂದರು. ಬೇಸರದಿಂದಲ್ಲ, ಸುಮ್ಮನೆ ಹೇಳಿದರು. ನನಗೆ ಮಾತ್ರ ನಮ್ಮ ಪಡಸಾಲೆಯ ಚಾದರ ಕಣ್ಣಿಗೆ ಕಟ್ಟಿತು. ಅದರ ಮೇಲೆ ಒಂದು ಮಧ್ಯಾಹ್ನವಷ್ಟೇ ಆ ಸಾಲಿ ನಿಂತಿತ್ತು, ಮುದುಕಿಯ ಸಮೇತ. ಮಂಚ ಒಲೆಗಾಗಿ ಒಡೆದವನು ನಾನು. ಅಂಥ ಬಸ್ಸು ನಮ್ಮ ಭಾಗದಲ್ಲೇ ಇಲ್ಲವೆಂದು ಅಚ್ಚು ಹಾಕಿಸಿದವನೂ ನಾನೇ.

"ಆ ಸಾಲು ಓದಿದಾಗ ಯಾಕ ಹೇಳಲಿಲ್ರೀ ಅಕ್ಕೋರ?"

"ಅಕ್ಷರ ತಪ್ಪು ಅಷ್ಟ ನೋಡ್ರಿ ಅಂದಿದ್ರಿ," ಎಂದರು. "ಅಕ್ಷರ ತಪ್ಪಿರಲಿಲ್ಲ."

ನನ್ನ ಮುಖ ನೋಡಿ ಅವರಿಗೇ ಕನಿಕರವಾಯಿತು. ತಿದ್ದುಪಡಿ ಹಾಕಿಸುತ್ತೇನೆ, ಈಗಲೇ ಬನಹಟ್ಟಿಗೆ ಹೋಗುತ್ತೇನೆ ಎಂದು ಎದ್ದೆ. "ಇನ್ನೂ ವ್ಯಾಳ್ಯಾ ಐತಿ," ಎಂದರು, "ಕುಂಡರ್ರಿ."

ಕೂತೆ. ಜೀವಮಾನದಲ್ಲಿ ಒಮ್ಮೆ ಕೂರಬಾರದಿತ್ತು, ಆಗಲೇ ಕೂತೆ. ತಿದ್ದುಪಡಿ ಬರೆಯತೊಡಗಿದರೆ ಮೊದಲ ವಾಕ್ಯದಲ್ಲೇ ಚಿಂತೆ: ಕ್ಷಮೆ ಕೇಳಿದರೆ ನಾಟಕವೆನಿಸೀತು, ಕೇಳದಿದ್ದರೆ ಕೊಬ್ಬು ಎನಿಸೀತು. ಅಕ್ಕೋರ ಹೆಸರು ಹಾಕಲೇ ಬೇಡವೇ? ಒಂದು ಸಂಚಿಕೆ ದಾಟಿತು, ಇನ್ನೊಂದೂ ದಾಟಿತು. ಅಷ್ಟರಲ್ಲಿ ಅಕ್ಕೋರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು.

ಒಂದು ರವಿವಾರ ಪೆಟ್ಟಿಗೆ ಹೊತ್ತುಕೊಂಡು ಎದುರು ಮನೆಗೆ ಹೋದೆ, ಹೆಂಡತಿಯೂ ಬಂದಳು. ಅಕ್ಕೋರು ಕಬ್ಬಿಣದ ಮಂಚದ ಮೇಲೆ ಒರಗಿದ್ದರು. ಸೀಟಿಯನ್ನು ತಂಗಿ ಎಡಗೈಗೆ ಕೊಟ್ಟಿದ್ದಳು. ನೀರು ಬೇಕಾದರೆ ಮಂಚಕ್ಕೆ ಬಡಿಯಲಿ ಎಂದು. ನಾನು ನೆಲದ ಮೇಲೆ ತುಣುಕುಗಳನ್ನು ಹರವಿ, ಒಂದೊಂದನ್ನೇ ಎತ್ತಿ ಹಿಡಿದು ಕೇಳತೊಡಗಿದೆ.

"ಇದು ಇಲ್ಲೇನ್ರೀ?"

ಟಣ್. ಅಂದರೆ ನಿಲ್ಲು.

"ಇಲ್ಲಿ?"

ಟಣ್ ಟಣ್.

ಹೀಗೆ ಬಾಗಿಲು ಹಿಂದೆ ಹೋಯಿತು, ಉದ್ದ ಸೀಟು ಬಂತು. ಬಿಳಿ ಹಾಳೆಯ ಪಟ್ಟಿಯ ಮೇಲೆ ನಾಲ್ಕು ಅಕ್ಷರ ಬರೆದು ಮುಂದೆ ಅಂಟಿಸಿದೆ. ಟಣ್ ಟಣ್. ಮುಗಿಯಿತೆಂದು ಕೈ ಒರೆಸಿಕೊಂಡರೆ, ಟಣ್. ಪಟ್ಟಿ ಸೊಟ್ಟಗಿದೆಯೇ ಎಂದು ಸರಿಮಾಡಿದೆ. ಟಣ್. ಚಾವಣಿ ಒತ್ತಿದೆ. ಟಣ್. ಬೆವರು ಬಂತು.

"ಸರೀರಿ ಅತ್ಲಾಗ," ಎಂದು ಹೆಂಡತಿ ನನ್ನನ್ನು ನೂಕಿ, ಚಾವಣಿ ತೆಗೆದು, ಪೆಟ್ಟಿಗೆಯ ತಳದಿಂದ ಒಂದು ಗೊಂಬೆಯನ್ನು ಹುಡುಕಿ, ಹಿಂದಿನ ಸೀಟಿನ ಮೂಲೆಗೆ ಕೂರಿಸಿದಳು. "ಮುದುಕಿನ ಬಿಟ್ಟ ಹೊಂಟಿದ್ರಿ."

ಟಣ್ ಟಣ್. ಅಕ್ಕೋರ ಅರ್ಧ ಮುಖ ನಕ್ಕಿತು.

ಆ ಖುಷಿಯಲ್ಲಿ ನಾನು "ತಿದ್ದುಪಡೀನೂ ಬರದಿಟ್ಟೀನ್ರೀ ಅಕ್ಕೋರ" ಎಂದುಬಿಟ್ಟೆ. ಅವರು ಸೀಟಿ ಬಿಟ್ಟು, ಎಡಗೈಯ ಬೆರಳುಗಳನ್ನು ಜೋಡಿಸಿ, ಗಾಳಿಯಲ್ಲಿ ಗೀಟು ಎಳೆದರು. ಕೊಡು, ನೋಡುತ್ತೇನೆ ಎಂದು. ಬರೆದಿದ್ದರೆ ತಾನೇ ಕೊಡಲು? "ತರತೇನ್ರೀ," ಎಂದೆ.

ಬರೆಯುವುದೇನೋ ಬರೆದೆ, ತಿದ್ದಿದೆ, ಹರಿದೆ, ಮತ್ತೆ ಬರೆದೆ. ನಾನು ಅಂತಿಮ ಪ್ರತಿ ತಯಾರು ಮಾಡುತ್ತಿರುವಾಗಲೇ ಎದುರು ಮನೆಯಲ್ಲಿ ಅಳು ಕೇಳಿತು. ಮಂಚದ ಪಕ್ಕದ ಕಿಟಕಿಯಲ್ಲಿ ಬಸ್ಸು ಹಾಗೇ ನಿಂತಿತ್ತು. ತಂಗಿ ಆಮೇಲೆ ಕೆಂಪು ಪೆನ್ನನ್ನು ನನಗೆ ಕೊಟ್ಟು, "ನಿಮಗಽ ಬೇಕಾಗತೈತಿ, ಇಟಗೋರಿ," ಎಂದಳು. ಆಟಿಕೆಯನ್ನು ಅಲ್ಲೇ ಬಿಟ್ಟೆ. ಗೆಳೆಯನೂ ವಾಪಸ್ಸು ಕೇಳಲಿಲ್ಲ.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬಂತು, ಕೊನೆಯ ಪುಟದ ಮೂಲೆಯಲ್ಲಿ. ನಮ್ಮ ಭಾಗದಲ್ಲೇ ಬಸ್ಸಿನೊಳಗೊಂದು ಸಾಲಿ ಇತ್ತು, ಅದರಲ್ಲಿ ಕಲಿತ ಮಕ್ಕಳಿದ್ದಾರೆ, ವಿಮರ್ಶಕನಿಗೆ ಗೊತ್ತಿರಲಿಲ್ಲ ಎಂದು. ಓದುತ್ತ ಹೋದವನು ಒಂದು ಕಡೆ ನಿಂತೆ. ಆ ಬಸ್ಸಿನ ಬೋರ್ಡಿನ ಮೇಲೆ "ಹೊಳೇ ಊರು" ಎಂದು ಬರೆದಿತ್ತು ಎಂದು ಅಚ್ಚಾಗಿತ್ತು. ಹಳೇ ಹೋಗಿ ಹೊಳೇ. ಕೈತಪ್ಪು ನನ್ನದೋ ಅಕ್ಷರ ಜೋಡಿಸಿದವನದೋ, ನೋಡಬೇಕಾದವರು ನೋಡಿರಲಿಲ್ಲ.

ಗೆಳೆಯ ಫೋನು ಮಾಡಿ ನಕ್ಕ. "ತಿದ್ದುಪಡಿಗೊಂದು ತಿದ್ದುಪಡಿ ಹಾಕೂನೇನಲೇ?"

ಹೆಂಡತಿ ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು ಓದಿದಳು. "ತಪ್ಪೇನೈತಿ ಇದರಾಗ? ಊರು ಹೊಳ್ಯಾಗಽ ಐತೆಲ್ಲ."

ನಾನು ಅಕ್ಕೋರ ಪೆನ್ನಿನ ಟೊಪ್ಪಿಗೆ ತೆಗೆದು ಆ ಅಕ್ಷರದ ಮೇಲೆ ಹಿಡಿದೆ. ಗೀಟು ಎಳೆಯಲಾಗಲಿಲ್ಲ. ಕೆಂಪು ಶಾಯಿ ಅಲ್ಲಿ ಸಣ್ಣದೊಂದು ಚುಕ್ಕೆಯಾಗಿ ಹರಡಿತು.