ಲೈಸೆನ್ಸನ್ನು ಕೂರಿಸಿಕೊಂಡು ಹೋಗುತ್ತಿದ್ದವಳು

ಆ ಕೆರೆಯ ದಡದಲ್ಲಿ ಯಾರ ಬಲೆ ಹರಿದರೂ ಅವಳನ್ನೇ ಕರೆಯುತ್ತಿದ್ದರು. ತವರಿನಲ್ಲಿ ಅಪ್ಪ ದರ್ಜಿ. ಮದುವೆಯಾಗಿ ಮೀನಿನವರ ಮನೆಗೆ ಬಂದಾಗ ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ, ಸೂಜಿ ಹಿಡಿಯುವುದು. ಹಾಗಾಗಿ ಸೂಜಿ ಅಂತಲೇ ಹೆಸರು ಬಿತ್ತು. ಚಿಕ್ಕವರು ಸೂಜಿಯಕ್ಕ ಅಂದರು, ದೊಡ್ಡವರು ಸೂಜಿ ಅಂದರು. ಅವಳು ಎರಡಕ್ಕೂ ಓಗೊಟ್ಟಳು.

ಅವಳ ಗಂಡ ಮೀನುಗಾರನ ಮಗನೇ. ಆದರೆ ದೋಣಿ ಅಲುಗಿದರೆ ಸಾಕು, ಅವನಿಗೆ ತಲೆ ಸುತ್ತು, ವಾಂತಿ. ಕೊನೆಗೆ ಐಸ್ ಫ್ಯಾಕ್ಟರಿಗೆ ಸೇರಿಕೊಂಡ. "ನನ್ನ ಮಗನಿಗೆ ಗಟ್ಟಿಯಾದ ನೀರು ಮಾತ್ರ ಆಗಿಬರುತ್ತೆ" ಅಂತ ಮಾವ ನಗುತ್ತಿದ್ದ. ನಕ್ಕು ಸುಮ್ಮನಾಗಲಿಲ್ಲ, ಸೊಸೆಯನ್ನು ದೋಣಿಗೆ ಹತ್ತಿಸಿದ. ಹುಟ್ಟು ಹಾಕುವುದನ್ನು ಕಲಿಸಿದ್ದು ಅವನೇ. ಮೊದಲ ದಿನ ಅವಳು ಧಬಧಬ ಅಂತ ನೀರಿಗೆ ಬಡಿಯುತ್ತಿದ್ದರೆ, "ಹೊಡೀಬೇಡಮ್ಮ, ಅದೇನು ನಿನ್ನ ಗಂಡನಾ? ಮೆಲ್ಲಗೆ ತಳ್ಳು" ಅಂದಿದ್ದ. ಅತ್ತೆ ತೀರಿಕೊಂಡ ಮೇಲಂತೂ ಮಾವ, ಸೊಸೆ ದಿನಾ ಬೆಳಗ್ಗೆ ಒಂದೇ ದೋಣಿಯಲ್ಲಿ ಹೋಗಿ ಬರುತ್ತಿದ್ದರು. ಅವನು ಬಲೆ ಎಳೆಯುತ್ತಿದ್ದ, ಅವಳು ಹುಟ್ಟು ಹಾಕುತ್ತಿದ್ದಳು. ಮಾತು ಕಡಿಮೆ. ಬೇಕಾಗುತ್ತಲೂ ಇರಲಿಲ್ಲ.

ವರ್ಷ ಕಳೆದಂತೆ ಅವನ ತೋಳು ಸೋತಿತು, ಕಣ್ಣು ಮಬ್ಬಾಯಿತು. ಬಲೆ ಎಳೆಯುವುದೂ ಅವಳ ಪಾಲಿಗೇ ಬಂತು. ಆದರೂ ದೋಣಿಯ ಮುಂದಿನ ಹಲಗೆಯಲ್ಲಿ ಮಾವ ಇರಲೇಬೇಕಿತ್ತು. ಯಾಕೆಂದರೆ ಆ ಕೆರೆಯಲ್ಲಿ ಮೀನು ಹಿಡಿಯುವುದಕ್ಕೆ ಲೈಸೆನ್ಸ್ ಬೇಕು. ಇಷ್ಟೇ ದೋಣಿ ಅಂತ ಗೊತ್ತುಮಾಡಿದ್ದಾರೆ, ಹೊಸ ಲೈಸೆನ್ಸ್ ಕೊಡುವುದಿಲ್ಲ. ಯಾರ ಹೆಸರಿಗಿದೆಯೋ ಅವರು ದೋಣಿಯಲ್ಲಿ ಕೂತಿರಬೇಕು. ಜೊತೆಗೆ ಒಬ್ಬರು ಸಹಾಯಕರಿರಬಹುದು, ಅವರ ಹೆಸರೂ ಲೈಸೆನ್ಸಿನ ಹಿಂಬದಿಯಲ್ಲಿ ಬರೆದಿರಬೇಕು. ಹೆಸರಿಲ್ಲದವರು ಹತ್ತುವ ಹಾಗಿಲ್ಲ, ಬಂಧುವಾದರೂ ಅಷ್ಟೇ, ಬಳಗವಾದರೂ ಅಷ್ಟೇ.

ಲೈಸೆನ್ಸ್ ಮಾವನದು. ಸೊಸೆ ಸಹಾಯಕಿ.

ಲೈಸೆನ್ಸ್ ತನ್ನ ಹೆಸರಿನಲ್ಲಿರುವಾಗಲೇ ಮಾವ ಕಣ್ಣು ಮುಚ್ಚಿದರೆ ಅದು ಆಫೀಸಿಗೆ ವಾಪಸು, ಆಮೇಲೆ ಚೀಟಿ ಎತ್ತಿ ಯಾರಿಗೋ ಕೊಡುತ್ತಾರೆ. ಬದುಕಿರುವಾಗಲೇ "ನನ್ನ ಕೈಲಿ ಆಗಲ್ಲ" ಅಂತ ಬಿಟ್ಟುಕೊಟ್ಟರೆ ಮಾತ್ರ ಸಹಾಯಕಿಗೆ ಸಿಗುತ್ತದೆ. ಇದು ಮೂವರಿಗೂ ಗೊತ್ತಿತ್ತು. ಗಂಡ ಒಂದು ಸಲ ಅಂಜುತ್ತಾ ಅಂಜುತ್ತಾ ಕೇಳಿದ. ಮಾವ ತಟ್ಟೆಯಿಂದ ತಲೆ ಎತ್ತದೆ, "ನಾನಿನ್ನೂ ದಿನಾ ದೋಣಿ ಹತ್ತುತಾ ಇದ್ದೀನಲ್ಲಪ್ಪ" ಅಂದ. ಮಾತು ಅಲ್ಲಿಗೆ ಮುಗಿಯಿತು.

ದಡದವರ ಬಾಯಿಗೆ ಬೀಗ ಇಲ್ಲವಲ್ಲ. ಮಾವನಿಗೆ ಉಣ್ಣೆ ಟೋಪಿ ಹಾಕಿ, ಭುಜ ಕೊಟ್ಟು ಅವಳು ಹತ್ತಿಸುವಾಗ ಪಕ್ಕದ ದೋಣಿಯವನು, "ಸೂಜಿಯಕ್ಕ, ಲೈಸೆನ್ಸಿಗೆ ಕಾಫಿ ಕುಡಿಸಿದ್ಯಾ? ನೆನೆದೀತು, ಪ್ಲಾಸ್ಟಿಕ್ ಹೊದಿಸು" ಅನ್ನುತ್ತಿದ್ದ. "ನಿಂದು ಪೆಟ್ಟಿಗೇಲಿ ಗೆದ್ದಲು ಹಿಡಿದಿದೆ, ನೋಡ್ಕೋ ಹೋಗು" ಅಂತ ಅವಳು ತಿರುಗಿಸಿ ಕೊಡುತ್ತಿದ್ದಳು. ಮಾವನಿಗೆ ದಡದಲ್ಲಿ ಇದೊಂದೂ ಕೇಳುತ್ತಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ಕಿವಿಯ ಹತ್ತಿರ ಕೂಗಬೇಕಿತ್ತು. ಆದರೆ ಕೆರೆಯ ನಡುವೆ, ಸದ್ದು ಗದ್ದಲ ಇಲ್ಲದ ಕಡೆ, ಎಲ್ಲೋ ದೂರದಲ್ಲಿ ಮೀನು ಮಗುಚಿದ್ದು ಸಹ ಅವನಿಗೇ ಮೊದಲು ಕೇಳುತ್ತಿತ್ತು. "ಎಡಕ್ಕೆ ಬಿಡು" ಅನ್ನುತ್ತಿದ್ದ. ಎಡಕ್ಕೆ ಬಿಟ್ಟರೆ ಮೀನು ಇರುತ್ತಿತ್ತು.

ಅವನಿಗೆ ಉಳಿದಿದ್ದ ಕೆಲಸ ಮೀನು ಅಳೆಯುವುದು. ಗೆರೆ ಕೊರೆದ ಒಂದು ಹಲಗೆ ಇತ್ತು. ಗೆರೆಗಿಂತ ಚಿಕ್ಕದಾದ ಮೀನನ್ನು ಜೀವ ಇರುವಾಗಲೇ ನೀರಿಗೆ ಬಿಡಬೇಕು, ಅದೂ ಕಾನೂನು. ಅವನು ಕೈಯಲ್ಲೇ ತಡವಿ ಅಳೆಯುತ್ತಿದ್ದ. ಆ ಚಳಿಗಾಲದಲ್ಲಿ ಅವನ ಬೆರಳುಗಳು ಮರಗಟ್ಟಲು ಶುರುವಾದವು. ದೊಡ್ಡ ಮೀನನ್ನು ನೀರಿಗೆ ಬಿಟ್ಟು ಚಿಕ್ಕದನ್ನು ಬುಟ್ಟಿಗೆ ಹಾಕತೊಡಗಿದ. ಕಣ್ಣೆದುರೇ ಒಳ್ಳೆಯ ಮೀನು ತಪ್ಪಿಸಿಕೊಂಡು ಹೋದರೂ ಅವಳು ಚಕಾರ ಎತ್ತಲಿಲ್ಲ. ದಡ ಸೇರುವ ಮೊದಲು ಬಲೆ ಮಡಚುವ ನೆಪದಲ್ಲಿ ಬುಟ್ಟಿಗೆ ಕೈ ಹಾಕಿ, ಚಿಕ್ಕವನ್ನು ಸದ್ದಾಗದಂತೆ ನೀರಿಗೆ ಜಾರಿಸಿಬಿಡುತ್ತಿದ್ದಳು.

ಒಂದು ಬೆಳಗ್ಗೆ ಅದಕ್ಕೆ ಸಮಯ ಸಿಗಲಿಲ್ಲ. ಮಂಜಿನೊಳಗಿಂದ ಗಾರ್ಡಮ್ಮನ ಮೋಟಾರು ದೋಣಿ ನೇರವಾಗಿ ಇವರ ಪಕ್ಕಕ್ಕೇ ಬಂತು. ಗಾರ್ಡಮ್ಮ ಅಂದರೆ ಕೆರೆ ಕಾಯುವ ಹೆಂಗಸು. ಸಣಕಲು ಮೈ, ಮೇಲೆ ದೊಗಳೆ ಕಿತ್ತಳೆ ಜಾಕೆಟು. ಕೆಟ್ಟವಳಲ್ಲ, ಆದರೆ ಬುಟ್ಟಿ ನೋಡದೆ ಬಿಡುವವಳೂ ಅಲ್ಲ. ಮೋಟಾರು ನಿಲ್ಲಿಸಿ, ಇವರ ದೋಣಿಯ ಹಿಂಬದಿಗೆ ಹಗ್ಗ ಸುತ್ತಿ, ಬುಟ್ಟಿ ಎಳೆದುಕೊಂಡಳು. ಚಿಕ್ಕ ಮೀನುಗಳನ್ನು ಬೇರೆ ಮಾಡಿ ಸಾಲಾಗಿ ಇಟ್ಟಳು. ಸಾಲು ಉದ್ದವಾಗುತ್ತಲೇ ಹೋಯಿತು.

"ಇದಕ್ಕೆ ಬಲೆ ಜಪ್ತಿ, ಲೈಸೆನ್ಸ್ ರದ್ದು. ಗೊತ್ತಲ್ಲ?" ಅಂದಳು ಗಾರ್ಡಮ್ಮ.

"ಗೊತ್ತು ಮೇಡಂ."

ಗಾರ್ಡಮ್ಮ ಮುಂದಿನ ಹಲಗೆಯ ಕಡೆ ನೋಡಿದಳು. ಮಾವ ಬೆನ್ನು ಮಾಡಿ ಕೂತಿದ್ದ, ಟೋಪಿ ಕಿವಿಯವರೆಗೆ ಇಳಿದಿತ್ತು. ಗಾರ್ಡಮ್ಮ ದನಿ ತಗ್ಗಿಸಿದಳು. "ನೋಡಮ್ಮ, ಬೇಕಂತ ಹಿಡಿದರೆ ಅಪರಾಧ. ಕೈಲಾಗದೆ ಆಗಿದ್ದರೆ ಅದು ಬೇರೆ. ಇವರ ಕೈಲಿ ಕೆಲಸ ಆಗಲ್ಲ ಅಂತ ನೀನು ಹೇಳು, ನಾನು ಹಾಗೇ ಬರ್ಕೋತೀನಿ. ಆಮೇಲೆ ಆಫೀಸಿಗೆ ಬಂದು ಅವರೂ ಒಂದು ಮಾತು ಹೇಳಲಿ. ಕೇಸೂ ಇರಲ್ಲ, ಲೈಸೆನ್ಸೂ ನಿನ್ನ ಹೆಸರಿಗೆ ಬರುತ್ತೆ."

ಒಂದೇ ಮಾತು ಸಾಕಿತ್ತು. ಆಗಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸೂಜಿ ಅಷ್ಟು ಹೇಳಿದಳು ಕೂಡ. ಆದರೆ ಕಟ್ಟೆ ಒಡೆದ ಮೇಲೆ ನೀರು ಕೇಳುತ್ತದೆಯೇ? ಎಷ್ಟೋ ಚಳಿಗಾಲ ಅವನನ್ನು ಎತ್ತಿ ಇಳಿಸಿದ್ದು, ನಡುನೋವು, ಕೈತಪ್ಪಿ ಹೋದ ಒಳ್ಳೊಳ್ಳೆ ಮೀನು, ದಡದವರ ಕುಹಕ, ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು.

"ಆಗಲ್ಲ ಮೇಡಂ. ಯಾವತ್ತಿಂದಲೋ ಆಗಲ್ಲ. ಮೂಟೆ ತಂದು ಇಟ್ಟ ಹಾಗೆ ತಂದು ಇಡ್ತೀನಿ, ಮೂಟೆ ಹೊತ್ತ ಹಾಗೆ ಹೊತ್ಕೊಂಡು ಹೋಗ್ತೀನಿ."

ಗಾರ್ಡಮ್ಮ ಬರೆದುಕೊಂಡು, ಚಿಕ್ಕ ಮೀನುಗಳನ್ನು ನೀರಿಗೆ ಸುರಿದು ಹೋದಳು. ಸೂಜಿ ಮಾವನ ಬೆನ್ನು ನೋಡಿದಳು. ಅದು ಅಲುಗಿರಲಿಲ್ಲ. ಸದ್ಯ, ಕಿವುಡು ಅಂದುಕೊಂಡಳು. ಅವನು ದಡದಲ್ಲಷ್ಟೇ ಕಿವುಡು ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಅಥವಾ ಹೊಳೆಯುವುದು ಬೇಡವಾಗಿತ್ತು.

ಅವತ್ತು ಸಂಜೆ ಮಾವ ತಾನೇ ಮಗನನ್ನು ಕರೆದ. "ಆ ಆಫೀಸು ಎಷ್ಟು ಹೊತ್ತಿಗೆ ತೆಗೀತಾರೆ? ಲೈಸೆನ್ಸ್ ಬಿಟ್ಟುಕೊಟ್ಟು ಬರೋಣ." ಗಂಡನಿಗೆ ಹಿಡಿಸಲಾರದಷ್ಟು ಸಂತೋಷ. "ನೋಡಿದ್ಯಾ, ತಾನಾಗೇ ಒಪ್ಪಿದ ಅಪ್ಪ" ಅಂತ ಅಡುಗೆಮನೆಗೆ ಬಂದು ಪಿಸುಗುಟ್ಟಿದ. ಸೂಜಿಯ ಎದೆಯಿಂದಲೂ ಭಾರ ಇಳಿಯಿತು. ದೇವರು ದೊಡ್ಡವನು ಅಂದುಕೊಂಡು ಮಾವನಿಗೆ ಎರಡು ತುತ್ತು ಹೆಚ್ಚು ಬಡಿಸಿದಳು. ಅವನು ಬೇಡ ಅನ್ನಲಿಲ್ಲ. ತಿನ್ನಲೂ ಇಲ್ಲ.

ಆಫೀಸು ಮಹಡಿಯ ಮೇಲಿತ್ತು. ಉದ್ದನೆಯ ಕೋಣೆ, ಕಿರುಗುಟ್ಟುವ ಫ್ಯಾನು, ಬೆಂಚುಗಳ ತುಂಬ ಜನ. ಒಳಗೆ ಗಾಜಿನ ಬಾಗಿಲಿನ ಕೋಣೆಯಲ್ಲಿ ಆಫೀಸರು. ಮೂವರನ್ನೂ ಕೂರಿಸಿ, ಗದ್ದಲ ಕೇಳದಂತೆ ಬಾಗಿಲು ಹಾಕಿಸಿ, ಮರ್ಯಾದೆಯಿಂದಲೇ ಕೇಳಿದರು. "ಅಜ್ಜ, ಇದನ್ನ ನೀವೇ ಬಾಯಿಬಿಟ್ಟು ಹೇಳಬೇಕು. ಮನೆಯವರ ಬಲವಂತ ಏನೂ ಇಲ್ಲ ತಾನೆ?"

"ಬಲವಂತ ಇಲ್ಲ ಸ್ವಾಮಿ" ಅಂದ ಮಾವ. "ನನ್ನ ಕೈಲಿ ಆಗಲ್ಲ. ಮೂಟೆ ತಂದು ಇಟ್ಟ ಹಾಗೆ ಇಡಬೇಕು, ಮೂಟೆ ಹೊತ್ತ ಹಾಗೆ ಹೊರಬೇಕು. ಪಾಪ, ಅವಳಾದರೂ ಎಷ್ಟು ದಿನ ಮಾಡ್ತಾಳೆ?"

ಆಫೀಸರು ನಕ್ಕರು. ಗಂಡನೂ ನಕ್ಕ, ಅಪ್ಪ ತಮಾಷೆ ಮಾಡಿದ ಅಂದುಕೊಂಡು. ಮಾವನ ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಒಪ್ಪಿಸಿದ ಪಾಠದ ಹಾಗೆ ಹೇಳಿ, ಕೈ ಮುಗಿದು ಎದ್ದ. ಸೂಜಿಗೆ ಮಾತ್ರ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ ಮಾತು ಹೋಗಿರಲೂ ಇಲ್ಲ. ಆ ಬೆಳಗ್ಗೆಯಿಂದ ಅವನ ಹೊಟ್ಟೆಯಲ್ಲಿ ಒಂದಕ್ಷರವೂ ಸವೆಯದೆ ಕೂತಿತ್ತು.

ಹೊರಗೆ ಗುಮಾಸ್ತನ ಮೇಜು. ಅವನು ಹೊಸ ಲೈಸೆನ್ಸು ತುಂಬುತ್ತಾ, "ಸಹಾಯಕರು ಯಾರಮ್ಮ? ಬೇಡದಿದ್ದರೆ ಖಾಲಿ ಬಿಡ್ತೀನಿ" ಅಂದ.

"ಮಾವನ ಹೆಸರು ಹಾಕಿ" ಅಂದಳು ಸೂಜಿ. ಯೋಚಿಸಿ ಹೇಳಿದ್ದಲ್ಲ. ನಾಳೆ ಬೆಳಗ್ಗೆಯಿಂದ ಅವನಿಗೆ ಸರಿಯಾಗಿ ಭುಜ ಕೊಟ್ಟು ಹತ್ತಿಸಬೇಕು, ಅವನು ಯಾವ ಮೀನು ಬಿಟ್ಟರೂ ಬಿಡಲಿ, ಇಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಗುಮಾಸ್ತ ಪೆನ್ನು ಕೆಳಗಿಟ್ಟ. "ಇವರ ಕೈಲಿ ಆಗಲ್ಲ ಅಂತ ನೀವೇ ಹೇಳಿದ್ದೀರ, ಅವರೂ ಹೇಳಿದ್ದಾರೆ. ಆಗದವರನ್ನ ಸಹಾಯಕರು ಅಂತ ಹೇಗಮ್ಮ ಬರೀಲಿ?"

"ಬರೀ ಕೂತಿರ್ತಾರೆ ಸ್ವಾಮಿ."

"ಹೆಸರಿಲ್ಲದವರು ದೋಣಿ ಹತ್ತೋ ಹಾಗಿಲ್ಲ. ನಿಮಗೆ ಗೊತ್ತಿಲ್ವಾ?"

"ಹಾಗಾದರೆ ನಾನು ಹೇಳಿದ್ದು ಸುಳ್ಳು ಅಂತ ಬರ್ಕೊಳ್ಳಿ."

ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬರ್ಕೋತೀನಿ. ಚಿಕ್ಕ ಮೀನಿನ ಕೇಸು ಮತ್ತೆ ಏಳುತ್ತೆ. ಬಲೆ ಜಪ್ತಿ, ಲೈಸೆನ್ಸ್ ರದ್ದು. ಬರೀಲಾ?"

ಗಂಡ ಅವಳ ಮೊಣಕೈ ಹಿಡಿದು ಜಗ್ಗಿದ. "ತಲೆ ಕೆಟ್ಟಿದೆಯಾ ನಿಂಗೆ?" ಅವಳು ಬೇಡ ಅಂತ ಗುಮಾಸ್ತನಿಗೆ ತಲೆ ಆಡಿಸಿದಳು.

ಫ್ಯಾನಿನ ಸದ್ದು, ಜನರ ಗದ್ದಲ, ಮಾವನಿಗೆ ಇದೊಂದೂ ಕೇಳಿರಲಿಲ್ಲ. ಎಲ್ಲರ ಮುಖ ನೋಡಿ, "ಏನಂತೆ?" ಅಂದ. ಗಂಡ ಆ ಕಡೆ ತಿರುಗಿಕೊಂಡ. ಹೇಳುವವಳು ಅವಳೇ ಆದಳು. ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. ಅವನಿಗೆ ಕೇಳಲಿಲ್ಲ. ಇನ್ನೂ ಜೋರಾಗಿ, ಬೆಂಚಿನ ಮೇಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಬೇಕಾಯಿತು:

"ನೀವು ಇನ್ನು ದೋಣಿ ಹತ್ತೋ ಹಾಗಿಲ್ಲವಂತೆ ಮಾವ."

ಮಾವ ತಲೆದೂಗಿದ. ಟೋಪಿ ತೆಗೆದು, ಅದನ್ನು ಏನು ಮಾಡುವುದೆಂದು ತಿಳಿಯದವನಂತೆ ಎರಡು ಕೈಯಲ್ಲೂ ಹಿಡಿದುಕೊಂಡ. ಆಮೇಲೆ ಮೇಜಿನ ಮೇಲಿದ್ದ ಪೆನ್ನನ್ನು ಬೆರಳ ತುದಿಯಿಂದ ಅವಳ ಕಡೆ ಸರಿಸಿದ.

"ಸಹಿ ಹಾಕಮ್ಮ. ಹಿಂದೆ ಜನ ಕಾಯ್ತಿದ್ದಾರೆ."

ಅವಳು ಹಾಕಿದಳು. ಅಕ್ಷರಗಳು ದುಂಡಗೆ, ಒಂದರ ಪಕ್ಕ ಒಂದು, ಹೊಲಿಗೆ ಹಾಕಿದ ಹಾಗೆ ಬಂದವು. ಗುಮಾಸ್ತ, "ಚೆನ್ನಾಗಿ ಬರೀತೀರಲ್ಲಮ್ಮ" ಅಂದ. ಅವಳು ತಲೆ ತಗ್ಗಿಸಿಕೊಂಡು ಲೈಸೆನ್ಸನ್ನು ಸೆರಗಿನಡಿ ಮುಚ್ಚಿಟ್ಟುಕೊಂಡಳು.