ಚಿಲಕ ಹಾಕದ ಬಾಗಿಲಿನ ಉತ್ತರ

ರೇಣುಕಾ, ಹತ್ತನೆಯ ತರಗತಿಯಲ್ಲಿ ನೀನು ಬರೆದ ಆ ಇಂಗ್ಲಿಷ್ ಉತ್ತರವನ್ನು ನಾನು ಬರೆಸಿರಲಿಲ್ಲ. ಬರೆಸಿದ್ದೇನೆ ಎಂದು ನಿಮ್ಮ ಸರ್‌ಗೆ ಸುಳ್ಳು ಹೇಳಿದೆ. ಅಂದು ನಿನಗೆ ಗೊತ್ತಿಲ್ಲದ ಸಂಗತಿಯೇನಲ್ಲ ಇದು — ಆದರೂ ನನ್ನ ಬಾಯಿಂದ ಬರಬೇಕಿತ್ತು, ಇಷ್ಟು ವರ್ಷ ಬರಲಿಲ್ಲ.

ಹಾನಗಲ್ಲಿನ ನಮ್ಮ ಪಡಸಾಲೆಯ ಟ್ಯೂಶನ್ ನಿನಗೆ ನೆನಪಿರಬಹುದು. ಶಾಲೆಯಲ್ಲಿ ಕೊಟ್ಟ ಪ್ರಶ್ನೆಗಳನ್ನು ನೀವು ತರುತ್ತಿದ್ದಿರಿ, ನಾನು ಗೈಡು ತೆರೆದು ಉತ್ತರ ಬರೆಸುತ್ತಿದ್ದೆ. ಎಲ್ಲರ ಹಾಳೆಯಲ್ಲೂ ಅದೇ ಸಾಲು, ನಾನು ತಪ್ಪಿದ್ದರೆ ಅದೇ ತಪ್ಪು. ಅದನ್ನು ಯಾರೂ ಕಾಪಿ ಎನ್ನುತ್ತಿರಲಿಲ್ಲ, ಅಭ್ಯಾಸ ಎನ್ನುತ್ತಿದ್ದರು. ನಮ್ಮ ಕಡೆ ಒಳ್ಳೆಯ ಉತ್ತರ ಕಂಡರೆ ಯಾರು ಬರೆದರು ಎಂದು ಕೇಳುವವರಿಲ್ಲ, ಯಾರು ಬರೆಸಿದರು ಎಂದೇ ಕೇಳುತ್ತಾರೆ. ನಾನೂ ಹಾಗೆ ಕಲಿತವಳೇ. ಎಂ.ಎ. ಮುಗಿಸಿದರೂ ನನ್ನದೇ ಎನ್ನುವ ಒಂದು ವಾಕ್ಯ ಬರೆದ ನೆನಪಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ನಿನ್ನ ಹಾಳೆ ನನಗೆ ಯಾಕೆ ಅಷ್ಟು ಚುಚ್ಚಿತು ಎಂಬುದಕ್ಕೆ ಹೇಳುತ್ತಿದ್ದೇನೆ.

ಪಠ್ಯದ ಆ ಪದ್ಯದಲ್ಲಿ ಒಬ್ಬ ತಾಯಿ ಯುದ್ಧಕ್ಕೆ ಹೋದ ಮಗನ ದಾರಿ ಕಾಯುತ್ತಾಳೆ. ಮನೆಯ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಯಾಕೆ? — ಅದು ಹೋಮ್‌ವರ್ಕ್. ನಾನು ಎಂದಿನಂತೆ ಮಾತೃಪ್ರೇಮ, ಆಶಾವಾದ ಎಂದು ದೊಡ್ಡ ದೊಡ್ಡ ಇಂಗ್ಲಿಷ್ ಪದ ಹಾಕಿ ಬರೆಸಿದೆ. ನೀನು ನಿಮ್ಮೂರು ತಿಳವಳ್ಳಿಯ ಬಸ್ಸು ಹಿಡಿದು ಹೋದೆ. ಸಂಜೆ ವಾಟ್ಸಾಪಿನಲ್ಲಿ ನಿನ್ನ ಹಾಳೆಯ ಫೋಟೋ ಬಂತು, ಹಿಂದೆಯೇ ನಿನ್ನ ದನಿ: "ಅಕ್ಕೋರ, ನಾನ ಒಂದು ಬ್ಯಾರೆ ಬರದೇನ್ರಿ. ನಡೀತೈತೇನ್ರಿ?"

ಬಡಿದು ಬರುವವರು ನೆಂಟರು, ದೂಡಿಕೊಂಡು ಬರುವವರು ಮನೆಯವರು ಎಂದು ನೀನು ಬರೆದಿದ್ದೆ. ತನ್ನ ಮಗ ತನ್ನ ಮನೆಯ ಬಾಗಿಲು ಬಡಿಯುವಂತಾಗಬಾರದು, ಅದಕ್ಕೇ ಆ ತಾಯಿ ಚಿಲಕ ಹಾಕಿಲ್ಲ. ಅಪ್ಪ ಲಾರಿಯ ಮೇಲೆ ದೂರ ಹೋದಾಗ ನಮ್ಮವ್ವನೂ ಹೀಗೇ ಬಿಡುತ್ತಾಳೆ, ನಾಯಿ ಬಂದು ರೊಟ್ಟಿ ತಿಂದು ಹೋದರೂ ಬೈಯುವುದಿಲ್ಲ. ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯಗಳು. ನಿಜ ಹೇಳುತ್ತೇನೆ, ಓದಿದಾಗ ನನಗೆ ಸಂತೋಷಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತು. 'ನಡೀತೈತಿ' ಎಂದಷ್ಟೇ ಉತ್ತರಿಸಿದೆ.

ಮರುದಿನ ನಿಮ್ಮ ಇಂಗ್ಲಿಷ್ ಸರ್ ಫೋನ್ ಮಾಡಿದರು.

"ಅಕ್ಕೋರ, ರೇಣುಕಾ ತಾನ ಬರದೇನಂತ ಹಟಾ ಹಿಡದಾಳ್ರಿ. ಇಲ್ಲೇ ನಿಂತಾಳ, ಸ್ಪೀಕರ್ ಹಚ್ಚೇನಿ. ಖರೇ ಇದ್ರ ತಾಲೂಕಿನ ಭಾಷಣಕ್ಕ ಇಕಿನ್ನ ಕಳಸ್ತೇನಿ. ಆದ್ರ ಇಷ್ಟು ಛಲೋ ಉತ್ತರ... ನೀವ ಬರಸಿರಬೇಕಲ್ರಿ?"

ಆ ಹೊಗಳಿಕೆ ನನ್ನ ಕಡೆಗೆ ಬಂದಿತ್ತು. ಜೀವಮಾನದಲ್ಲಿ ಅಂಥದ್ದು ನನಗೆ ಯಾರೂ ಹೇಳಿರಲಿಲ್ಲ. ಇಲ್ಲ ಅನ್ನಬೇಕು ಎಂದುಕೊಂಡೆ — ಎಂದುಕೊಂಡೆನೋ, ಈಗ ಹಾಗೆ ಅಂದುಕೊಳ್ಳುತ್ತಿದ್ದೇನೋ. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು.

"ಹೌದ್ರಿ ಸರ. ನಾನ ಬರಸಿದ್ದು."

ನೀನು ಅಳಬಹುದು, ಕೂಗಬಹುದು ಎಂದು ಕಿವಿಗೊಟ್ಟೆ. "ಕೇಳಿದ್ಯಾ ಈಗ?" ಎಂದು ಸರ್ ನಿನಗೆ ಹೇಳಿದ್ದಷ್ಟೇ ಕೇಳಿಸಿತು, ಫೋನು ಕಟ್ಟಾಯಿತು. ಭಾಷಣ ಸ್ಪರ್ಧೆಗೆ ಬೇರೊಬ್ಬ ಹುಡುಗಿ ಹೋದಳು. ಆ ಭಾಷಣವನ್ನೂ ನಾನೇ ಬರೆಸಿದ್ದೆ.

ನೀನು ಟ್ಯೂಶನ್ ಬಿಡುತ್ತೀ ಎಂದುಕೊಂಡಿದ್ದೆ. ಬಿಡಲಿಲ್ಲ. ಮರುದಿನ ಎಂದಿನಂತೆ ಕಿಟಕಿಯ ಪಕ್ಕ ಕುಳಿತು, ಹಾಳೆ ತಿರುವಿ, "ಬರಸ್ರಿ ಅಕ್ಕೋರ" ಎಂದೆ. ಅಷ್ಟೇ. ಆಮೇಲೆ ನಿನ್ನದೆನ್ನುವ ಒಂದು ಸಾಲೂ ನನ್ನ ಫೋನಿಗೆ ಬರಲಿಲ್ಲ. ಒಳ್ಳೆಯ ಅಂಕ ಬಂದವು. ನಿಮ್ಮವ್ವ ಚೀಲದ ತುಂಬ ಬದನೆಕಾಯಿ ತಂದು, "ಎಲ್ಲಾ ನೀವ ಬರಸಿದ್ರಿಂದ ಆತ್ರಿ" ಎಂದಳು. ನಾಚಿಕೆಯಿಲ್ಲದೆ ಆ ಚೀಲ ತೆಗೆದುಕೊಂಡೆ.

ಮೊನ್ನೆ ಸವಣೂರಿನಿಂದ ನಿನ್ನ ದನಿ ಬಂತು. ಗಂಡನ ಮನೆಯಲ್ಲಿದ್ದೀ, ಓಣಿಯ ಮಕ್ಕಳು ಇಂಗ್ಲಿಷ್ ಹೋಮ್‌ವರ್ಕ್ ಹೊತ್ತು ನಿನ್ನ ಬಳಿ ಬರುತ್ತಾರೆ ಎಂದು ತಿಳಿದು ಹಿಗ್ಗಿದೆ. ಹಿಂದೆಯೇ ಇನ್ನೊಂದು ಮಾತು ಬಂತು: "ಅಕ್ಕೋರ, ಅದ ಪದ್ಯ ಈ ಹುಡುಗೂರಿಗೂ ಐತ್ರಿ. ಅವತ್ತ ನೀವ ಬರಸಿದ್ರಲ್ಲಾ, ಬಾಗಲದ ಉತ್ತರ... ನನಗ ಪೂರಾ ನೆಪ್ಪಿಲ್ರಿ. ಕಳಸ್ರಿ."

ಚುಚ್ಚಲು ಹಾಗೆಂದೆಯಾ ಎಂದು ಮತ್ತೆ ಮತ್ತೆ ಕೇಳಿಸಿಕೊಂಡೆ. ಚುಚ್ಚಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ನಿನ್ನ ದನಿಯಲ್ಲಿ ಹಾಗೇನೂ ಇರಲಿಲ್ಲ. ಅದು ನನ್ನದೇ ಎಂದು ನೀನೇ ನಂಬಿಬಿಟ್ಟಿದ್ದೀ. ನಿನ್ನ ನೆನಪಿನಿಂದಲೂ ನಾನು ಅದನ್ನು ಕದ್ದುಬಿಟ್ಟಿದ್ದೇನೆ ರೇಣುಕಾ — ಇದಕ್ಕೆ ಕ್ಷಮೆ ಕೇಳುವುದಾದರೂ ಹೇಗೆ...

ಆ ಉತ್ತರ ನನಗೆ ಬಾಯಿಪಾಠವಿದೆ. ಫೋನಿನಲ್ಲಿ ಕಳಿಸುವುದಿಲ್ಲ. ಭಾನುವಾರ ಬಸ್ಸು ಹಿಡಿದು ಸವಣೂರಿಗೆ ಬರುತ್ತೇನೆ. ಮಕ್ಕಳನ್ನು ಕೂರಿಸಿಕೊಂಡಿರು. ಅವರ ಮುಂದೆ ಅದನ್ನು ಪೂರಾ ಹೇಳಿ, ಇದನ್ನು ಬರೆದವಳು ಇವಳು, ಬರೆಸಿದವರು ಯಾರೂ ಇಲ್ಲ ಎನ್ನುತ್ತೇನೆ. ಅಂದು ನಾನು ಆಡಿದ ಸುಳ್ಳನ್ನೂ ಹೇಳುತ್ತೇನೆ.

ನಿನ್ನ ಬಾಗಿಲು ತೆರೆದಿದ್ದರೂ ದೂಡಿಕೊಂಡು ಬರುವುದಿಲ್ಲ. ಬಡಿದು, ಹೊರಗೆ ನಿಂತಿರುತ್ತೇನೆ.